ಚೌಕಟ್ಟು ಯಾರದು? ಚಿತ್ರಕಥೆಯ ತರಗತಿಯಲ್ಲಿ ದಲಿತ ವಿದ್ಯಾರ್ಥಿ

1

ಕಳೆದ ಬೇಸಿಗೆಯಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳು ಮನೆ ಹುಡುಕಿಕೊಂಡು ಬಂದಳು. ಪದವಿಯಲ್ಲಿ ಪತ್ರಿಕೋದ್ಯಮ ಓದಿದವಳು. ತಂದೆ ಇಲ್ಲ, ತಾಯಿ ಗಾರ್ಮೆಂಟ್ಸ್‌ಗೆ ಹೊಲಿಗೆ ಕೆಲಸಕ್ಕೆ ಹೋಗುತ್ತಾರೆ. ಸಿನಿಮಾ ಶಾಲೆಯೊಂದರ ಚಿತ್ರಕಥೆ ಕೋರ್ಸಿನ ಲಿಖಿತ ಪರೀಕ್ಷೆ ಪಾಸು ಮಾಡಿ, ಸಂದರ್ಶನದ ಪತ್ರ ಹಿಡಿದುಕೊಂಡು ಬಂದಿದ್ದಳು. "ಸಾರ್, ನೀವೂ ಇಂಥದ್ದೇ ಕೋರ್ಸು ಮಾಡಿ ಬಂದೋರು. ಹೋಗಲಾ, ಬೇಡ್ವಾ? ಒಂದು ಮಾತಲ್ಲಿ ಹೇಳಿ" ಅಂದಳು. ನನಗೆ ಒಂದು ಮಾತಿನಲ್ಲಿ ಹೇಳಲು ಆಗಲಿಲ್ಲ. ಟೀ ಕೊಟ್ಟು, ಎರಡು ದಿನ ಬಿಟ್ಟು ಬಾ ಅಂದೆ. ಆ ಎರಡು ದಿನ ನನ್ನೊಳಗೆ ನಡೆದ ವಾದವನ್ನು ಇಲ್ಲಿ ಬಿಡಿಸಿ ಹೇಳಲು ಯತ್ನಿಸುತ್ತೇನೆ.

ದಲಿತ ವಿಮರ್ಶೆ ಎಂದಾಗ ನಾವು ಸಾಮಾನ್ಯವಾಗಿ ಪಠ್ಯಗಳನ್ನು ನೋಡುತ್ತೇವೆ. 'ಚೋಮನ ದುಡಿ'ಯ ಚೋಮ ಯಾರ ಕಣ್ಣಿಗೆ ಕಂಡ ಚೋಮ? 'ಸಂಸ್ಕಾರ'ದ ಚಂದ್ರಿ ಯಾರ ಬಿಡುಗಡೆಗಾಗಿ ಕಥೆಯೊಳಗೆ ಬರುತ್ತಾಳೆ? ಇವು ಕೇಳಲೇಬೇಕಾದ ಪ್ರಶ್ನೆಗಳು, ಕೇಳಿದ್ದೇವೆ. ಆದರೆ ಪಠ್ಯ ತಯಾರಾಗುವ ಮೊದಲೇ ಕಥೆ ಅಂದರೆ ಏನು, ನಾಯಕ ಅಂದರೆ ಯಾರು, ಯಾವುದು ಘಟನೆ, ಯಾವುದು ಘಟನೆಯಲ್ಲ ಎಂದು ತೀರ್ಮಾನಿಸಿ ಕಲಿಸುವ ಜಾಗಗಳಿವೆ. ಅಡುಗೆಯ ರುಚಿಯನ್ನು ವಿಮರ್ಶೆ ಮಾಡಿದ ನಾವು, ಅಡುಗೆಮನೆಯೊಳಗೆ ಯಾರನ್ನು ಬಿಡುತ್ತಾರೆ, ಒಳಗೆ ಹೋದವರಿಗೆ ಯಾವ ಪಾತ್ರೆ ಮುಟ್ಟಲು ಕೊಡುತ್ತಾರೆ ಎಂದು ನೋಡಿದ್ದು ಕಡಿಮೆ. ಸಿನಿಮಾ ಶಾಲೆ ಅಂಥ ಒಂದು ಅಡುಗೆಮನೆ.

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸಬೇಕು. ನಾನು ಓದಿದ ಶಾಲೆಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಅಲ್ಲಿ ನನಗೆ ಕಲಿಸಿದವರು ಕೆಟ್ಟವರಲ್ಲ. ಕೆಲವರಂತೂ ನನ್ನನ್ನು ಮನೆಗೆ ಕರೆದು ಊಟ ಹಾಕಿದವರು. ನನ್ನ ತಕರಾರು ವ್ಯಕ್ತಿಗಳ ಬಗ್ಗೆ ಅಲ್ಲ, ಅವರು ಕಲಿಸುವ ಚೌಕಟ್ಟಿನ ಬಗ್ಗೆ. ಒಳ್ಳೆಯವರ ಕೈಯಲ್ಲೂ ಅದು ಒಂದೇ ರೀತಿ ಕೆಲಸ ಮಾಡುತ್ತದೆ ಎಂಬುದೇ ಯೋಚಿಸಬೇಕಾದ ವಿಷಯ.

2

ನಮ್ಮ ದೇಶದಲ್ಲಿ ಸಿನಿಮಾ ಕಲಿಸುವ ಮುಖ್ಯ ಸರ್ಕಾರಿ ಸಂಸ್ಥೆ 1960ರಲ್ಲಿ ಪುಣೆಯಲ್ಲಿ ಶುರುವಾಯಿತು. ಅದಕ್ಕೆ ಸಿಕ್ಕಿದ್ದು ಹಳೆಯ ಪ್ರಭಾತ್ ಸ್ಟುಡಿಯೋದ ಜಾಗ. ಕೊಲ್ಲಾಪುರದಿಂದ 1933ರಲ್ಲಿ ಪುಣೆಗೆ ಬಂದ ಪ್ರಭಾತ್ ಕಂಪನಿ 1935ರಲ್ಲಿ 'ಧರ್ಮಾತ್ಮ' ಎಂಬ ಚಿತ್ರ ತೆಗೆಯಿತು. ಸಂತ ಏಕನಾಥ ಅಸ್ಪೃಶ್ಯರ ಮನೆಗೆ ಊಟಕ್ಕೆ ಹೋದ ಕಥೆ. ಮೊದಲು ಇಟ್ಟಿದ್ದ ಹೆಸರು 'ಮಹಾತ್ಮ'. ಸೆನ್ಸಾರಿನವರ ತಕರಾರಿನಿಂದ ಬದಲಾಯಿತು. ಅಸ್ಪೃಶ್ಯತೆಯ ವಿರುದ್ಧ ಸಿನಿಮಾ ತೆಗೆಯುವುದು ಆ ಕಾಲಕ್ಕೆ ಧೈರ್ಯದ ಕೆಲಸವೇ. ಆದರೆ ಆ ಕಥೆಯ ಆಕಾರವನ್ನು ಗಮನಿಸಿ. ಕಥಾನಾಯಕ ಉಣ್ಣಲು ಹೋದವನು, ಉಣಬಡಿಸಿದವನಲ್ಲ. ತೊಂಬತ್ತು ವರ್ಷ ಕಳೆದಿದೆ. ಚಿತ್ರಕಥೆಯ ತರಗತಿಗಳಲ್ಲಿ ಜಾತಿಯ ಬಗ್ಗೆ ಬರೆಯಿರಿ ಅಂದಾಗ ಬರುವ ಹತ್ತು ಕಥೆಗಳಲ್ಲಿ ಬಹುಪಾಲು ಈಗಲೂ ಇದೇ ಆಕಾರದಲ್ಲಿರುವುದನ್ನು ನಾನು ಕಂಡಿದ್ದೇನೆ: ನೋಡಿ ಬದಲಾಗುವವನು ನಾಯಕ, ಅನುಭವಿಸುವವನು ಸನ್ನಿವೇಶ.

ಕನ್ನಡದ ಮಟ್ಟಿಗೆ ಈ ಇತಿಹಾಸಕ್ಕೆ ಎರಡು ಕವಲುಗಳಿವೆ. ಒಂದು, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್. 1940ರ ದಶಕದಲ್ಲೇ ಅಲ್ಲಿ ಛಾಯಾಗ್ರಹಣವನ್ನು ಒಂದು ಕಸುಬಾಗಿ ಕಲಿಸುತ್ತಿದ್ದರು. ಗುರುದತ್ತರ 'ಕಾಗಜ್ ಕೆ ಫೂಲ್' ಚಿತ್ರಕ್ಕೆ ಕ್ಯಾಮೆರಾ ಹಿಡಿದ ಮೈಸೂರಿನ ವಿ.ಕೆ. ಮೂರ್ತಿ ಅಲ್ಲಿ ಕಲಿತವರು, ಗೋವಿಂದ ನಿಹಲಾನಿ ಕೂಡ. ಆ ವಿಭಾಗವೇ ಮುಂದೆ ಹೆಸರಘಟ್ಟದ ಸರ್ಕಾರಿ ಸಂಸ್ಥೆಯಾಯಿತು. ಇನ್ನೊಂದು ಕವಲು ಪುಣೆಯದು. ಗಿರೀಶ್ ಕಾಸರವಳ್ಳಿ 1975ರಲ್ಲಿ ಅಲ್ಲಿಂದ ಹೊರಬಂದು 1977ರಲ್ಲಿ 'ಘಟಶ್ರಾದ್ಧ' ಮಾಡಿದರು. ಬೆಂಗಳೂರಿನ ಶಾಲೆ ಯಂತ್ರವನ್ನು ಕಲಿಸಿತು. ಕಥೆಯನ್ನು ಕಲಿಸಬೇಕು ಎಂದು ಅದಕ್ಕೆ ಅನ್ನಿಸಲಿಲ್ಲ. 1970ರ 'ಸಂಸ್ಕಾರ'ದಿಂದ ಶುರುವಾದ ಕನ್ನಡದ ಹೊಸ ಅಲೆಗೆ ಕಥೆ ಬಂದದ್ದು ಸಾಹಿತ್ಯದಿಂದ, ಅಂದರೆ ಆಗಲೇ ಅಕ್ಷರ ಯಾರ ಕೈಯಲ್ಲಿತ್ತೋ ಅವರಿಂದ. ಕ್ಯಾಮೆರಾ ಕಸುಬು, ಕಥೆ ಸಂಸ್ಕಾರ ಎಂಬ ಈ ವಿಂಗಡಣೆ ನಮಗೆ ಹೊಸದೇನಲ್ಲ. ಕೈಯ ಕೆಲಸ ಒಬ್ಬರಿಗೆ, ಬಾಯಿಯ ಕೆಲಸ ಇನ್ನೊಬ್ಬರಿಗೆ ಎಂದು ಹಂಚಿಟ್ಟ ಸಮಾಜ ಸಿನಿಮಾವನ್ನೂ ಹಾಗೇ ಹಂಚಿಕೊಂಡಿತು.

ಆದ್ದರಿಂದ ದಲಿತ ಹುಡುಗಿಯೊಬ್ಬಳು ಲೈಟು ಹಿಡಿಯಲು, ಮೇಕಪ್ ಕಲಿಯಲು ಹೊರಟರೆ ಯಾರೂ ಹುಬ್ಬೇರಿಸುವುದಿಲ್ಲ. ಕಥೆ ಬರೆಯಲು ಹೊರಟಾಗ ಪ್ರಶ್ನೆಗಳು ಏಳುತ್ತವೆ.

3

ಚಿತ್ರಕಥೆ ಅಂದರೆ ಏನು? ಅದು ಕಾದಂಬರಿಯಲ್ಲ, ನಾಟಕವೂ ಅಲ್ಲ. ತೆರೆಯ ಮೇಲೆ ಕಾಣುವುದನ್ನು, ಕೇಳುವುದನ್ನು ಮಾತ್ರ ವರ್ತಮಾನ ಕಾಲದಲ್ಲಿ ಬರೆಯುವ ಬರವಣಿಗೆ. ಪ್ರತಿ ದೃಶ್ಯದ ತಲೆಯ ಮೇಲೆ ಒಳಗೋ ಹೊರಗೋ, ಯಾವ ಜಾಗ, ಹಗಲೋ ರಾತ್ರಿಯೋ ಎಂದು ಬರೆಯಬೇಕು. ಒಂದು ಪುಟಕ್ಕೆ ಸುಮಾರು ಒಂದು ನಿಮಿಷ ಎಂಬುದು ಲೆಕ್ಕ. ಅಮೆರಿಕದ ಸಿಡ್ ಫೀಲ್ಡ್ 1979ರಲ್ಲಿ ಬರೆದ 'ಸ್ಕ್ರೀನ್‌ಪ್ಲೇ' ಎಂಬ ಕೈಪಿಡಿ ಕಥೆಯನ್ನು ಮೂರು ಅಂಕಗಳಾಗಿ ವಿಂಗಡಿಸಿತು. 120 ಪುಟದ ಚಿತ್ರಕಥೆಯಾದರೆ ಸುಮಾರು 30 ಪುಟ ಪೀಠಿಕೆ, 60 ಪುಟ ಸಂಘರ್ಷ, 30 ಪುಟ ಪರಿಹಾರ. ನಡುವೆ ಎರಡು ದೊಡ್ಡ ತಿರುವು. ಜಗತ್ತಿನ ಬಹುಪಾಲು ಚಿತ್ರಕಥೆ ತರಗತಿಗಳು ಇದನ್ನು ಒಪ್ಪಿಯೋ ಇದರೊಂದಿಗೆ ಜಗಳವಾಡಿಯೋ ನಡೆಯುತ್ತವೆ. ಗಾಂಧಿನಗರದಲ್ಲಿ "ಒನ್‌ಲೈನ್ ಹೇಳಿ" ಅನ್ನುತ್ತಾರಲ್ಲ, ಅದೂ ಇದರದೇ ತುಂಡು: ಕಥೆಯನ್ನು ಒಂದು ವಾಕ್ಯದಲ್ಲಿ ಹೇಳಬೇಕು, ಆ ವಾಕ್ಯದಲ್ಲಿ ಒಬ್ಬ ನಾಯಕ, ಅವನ ಒಂದು ಬಯಕೆ, ಅದಕ್ಕೊಂದು ಅಡ್ಡಿ ಇರಬೇಕು.

ಇದರಲ್ಲಿ ಜಾತಿ ಎಲ್ಲಿದೆ ಎಂದು ಕೇಳಬಹುದು. ನನಗೆ ಗೊತ್ತಾದದ್ದು ಮೂರು ಅಭ್ಯಾಸಗಳಲ್ಲಿ.

ಮೊದಲನೆಯ ಪಾಠ: ತೋರಿಸು, ಹೇಳಬೇಡ. "ಅವನಿಗೆ ಅವಮಾನವಾಯಿತು" ಎಂದು ಬರೆಯುವಂತಿಲ್ಲ. ಅವಮಾನ ಕಣ್ಣಿಗೆ ಕಾಣಬೇಕು. ನಾನು ಒಂದು ಪುಟದ ದೃಶ್ಯ ಬರೆದೆ. ಹುಡುಗನೊಬ್ಬ ಅಂಗಡಿಗೆ ಹೋಗಿ ಕೈ ಚಾಚಿ ಕಾಸು ಕೊಡುತ್ತಾನೆ. ಅಂಗಡಿಯವನು ಸಾಮಾನು ಕೊಟ್ಟು, ಚಿಲ್ಲರೆಯನ್ನು ಹುಡುಗನ ಚಾಚಿದ ಕೈಗೆ ಹಾಕದೆ ಪೆಟ್ಟಿಗೆಯ ಮೇಲೆ ಇಡುತ್ತಾನೆ. ಹುಡುಗ ಒಂದೊಂದೇ ನಾಣ್ಯ ಆರಿಸಿಕೊಳ್ಳುತ್ತಾನೆ. ಅಷ್ಟೆ. ತರಗತಿಯಲ್ಲಿ ಓದಿದೆ. ಮೇಷ್ಟರು ಪ್ರೀತಿಯಿಂದಲೇ ಹೇಳಿದರು: "ವಿವರ ಚೆನ್ನಾಗಿದೆ, ಆದರೆ ಇಲ್ಲಿ ಏನೂ ಆಗ್ತಿಲ್ಲವಲ್ಲ. ಸಂಘರ್ಷ ಎಲ್ಲಿ?" ಗೆಳೆಯನೊಬ್ಬ ಅಂಗಡಿಯವನು ಹುಡುಗನಿಗೆ ಒಂದು ಏಟು ಹೊಡೆಯಲಿ ಅಂದ. ಹೊಡೆದರೆ ದೃಶ್ಯ 'ಏಳುತ್ತದೆ' ಎಂದು ಎಲ್ಲರೂ ಒಪ್ಪಿದರು. ಕೊನೆಯ ಬೆಂಚಿನ ಇನ್ನೊಬ್ಬ ಹುಡುಗ ಮಾತ್ರ ತಲೆಯೆತ್ತಿ ನನ್ನನ್ನು ನೋಡಿದ. ಅವನೂ ನಮ್ಮವನೇ ಎಂದು ಆಗ ನನಗೆ ಗೊತ್ತಾಯಿತು.

'ತೋರಿಸು' ಎಂಬ ನಿಯಮ ತಟಸ್ಥವಲ್ಲ ಎಂಬುದು ನನ್ನ ಮೊದಲ ಗ್ರಹಿಕೆ. ತೋರಿಸುವುದು ಯಾರಿಗೆ? ಕಾಣುವುದು ಕಣ್ಣಿನ ಮೇಲೆ ನಿಂತಿದೆ. ಕಣ್ಣು ಬದುಕಿದ ಬದುಕಿನ ಮೇಲೆ ನಿಂತಿದೆ. ಪೆಟ್ಟಿಗೆಯ ಮೇಲೆ ಬಿದ್ದ ನಾಣ್ಯದ ಸದ್ದು ಕೆಲವರಿಗೆ ಏಟಿಗಿಂತ ಜೋರಾಗಿ ಕೇಳುತ್ತದೆ, ಉಳಿದವರಿಗೆ ಕೇಳುವುದೇ ಇಲ್ಲ. ಆ ಉಳಿದವರನ್ನೇ 'ಪ್ರೇಕ್ಷಕ' ಎಂದು ಕರೆದು ಅವರ ಕಣ್ಣಿಗೆ ತಕ್ಕಂತೆ ಬರೆಯಿರಿ ಅನ್ನುವುದರಿಂದ, ತೆರೆಯ ಮೇಲೆ ಜಾತಿ ಅಂದರೆ ಹೊಡೆತ, ಬೆಂಕಿ, ಅತ್ಯಾಚಾರ ಮಾತ್ರ ಆಗಿಬಿಡುತ್ತದೆ. ದಿನನಿತ್ಯದ ಜಾತಿ ತಪ್ಪಿಸಿಕೊಂಡು ಹೋಗುತ್ತದೆ. ಹೊಡೆಯದ ಸವರ್ಣೀಯ ಪ್ರೇಕ್ಷಕ ನಿರಾಳವಾಗಿ ಮನೆಗೆ ಹೋಗುತ್ತಾನೆ.

ಎರಡನೆಯ ಪಾಠ: ನಾಯಕ ಒಬ್ಬನೇ ಇರಬೇಕು, ಅವನು ಆಯ್ಕೆ ಮಾಡಬೇಕು. ಆಯ್ಕೆಯಿಂದಲೇ ಪಾತ್ರ ಬೆಳೆಯುತ್ತದೆ ಅನ್ನುತ್ತಾರೆ. ಕೇರಿಯ ಬದುಕಿನಲ್ಲಿ ತೀರ್ಮಾನಗಳು ಒಬ್ಬನವಲ್ಲ. ಬಾವಿಗೆ ಇಳಿಯುವುದೋ ಬೇಡವೋ, ದೂರು ಕೊಡುವುದೋ ಬೇಡವೋ, ಕೊಟ್ಟರೆ ನಾಳೆ ಕೂಲಿಗೆ ಯಾರು ಕರೆಯುತ್ತಾರೆ—ಇವನ್ನು ಹತ್ತು ಮನೆಯವರು ರಾತ್ರಿಯಿಡೀ ಕೂತು ಮಾತಾಡುತ್ತಾರೆ. ಅದನ್ನು ಬರೆದಾಗ "ನಿಮ್ಮ ಪ್ರೊಟಾಗನಿಸ್ಟ್ ಪ್ಯಾಸಿವ್" ಎಂದು ಕೆಂಪು ಶಾಯಿಯಲ್ಲಿ ಗೀಚಿ ಕೊಟ್ಟರು.

ಮೂರನೆಯದನ್ನು ಹೇಳಲು ನನಗೆ ಈಗಲೂ ನಾಚಿಕೆ. 'ನಿಮಗೆ ಗೊತ್ತಿರುವುದನ್ನು ಬರೆಯಿರಿ' ಎಂಬ ಅಭ್ಯಾಸಕ್ಕೆ ನಾನು ಅಪ್ಪನ ಕಥೆ ಬರೆದೆ. ನಮ್ಮಪ್ಪ ತಮಟೆ ಬಡಿಯುವವನು. ಬೆಂಕಿಗೆ ಚರ್ಮ ಕಾಯಿಸುವುದು, ಬೆರಳಲ್ಲಿ ಮೀಟಿ ಶ್ರುತಿ ನೋಡುವುದು, ಎಡಗೈಯ ಸಣ್ಣ ಕಡ್ಡಿ, ಬಲಗೈಯ ದಪ್ಪ ಕಡ್ಡಿ, ಹೆಣದ ಮುಂದೆ ಎರಡು ಮೈಲಿ ಹಿಮ್ಮುಖ ನಡೆದುಕೊಂಡು ಬಡಿಯುವುದು ಎಲ್ಲ ಬರೆದೆ. ತರಗತಿ ನಿಶ್ಶಬ್ದವಾಗಿ ಕೇಳಿತು. "ಅದ್ಭುತ ಮೆಟೀರಿಯಲ್" ಅಂದರು. ಆದರೆ ಕೊನೆ ಇಲ್ಲವಲ್ಲ? ನಾಯಕ ಬದಲಾಗಬೇಕಲ್ಲ? ಹಾಗಾಗಿ ಕೊನೆಯಲ್ಲಿ ಅಪ್ಪ ತಮಟೆಯನ್ನು ಬೆಂಕಿಗೆ ಹಾಕಿ ಊರು ಬಿಡುವಂತೆ ಬರೆದೆ. 'ಎ' ಗ್ರೇಡು ಬಂತು.

ರಜೆಗೆ ಊರಿಗೆ ಹೋದಾಗ ಅಪ್ಪನಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, "ನಾನ್ಯಾವಾಗ್ಲಾ ತಮಟೆ ಸುಟ್ಟೆ?" ಅಂದ. ಇದು ಕಥೆ ಕಣಪ್ಪ ಅಂದೆ. "ಕತೆ ಅಂದ್ರೆ ಸುಳ್ಳು ಹೇಳ್ಬೌದಾ? ಸಂಘದೋರು ಬಂದು ಹೆಣದ ಮುಂದೆ ಬಡೀಬ್ಯಾಡಿ ಅಂದ್ರು, ಬುಟ್ವಿ. ಆಮೇಲೆ ಅದೇ ಸಂಘದೋರು ಬಂದು ಅಂಬೇಡ್ಕರ್ ಜಯಂತಿ ಮೆರವಣಿಗೆ ಮುಂದೆ ಬಡೀರಿ ಅಂದ್ರು, ಬಡುದ್ವಿ. ಅದೇ ತಮಟೆ, ಅದೇ ಕೈ. ನೀನು ಅದ ಬರ್ದಿಲ್ವಲ್ಲ ಮಗ" ಅಂದ.

ಯಾವ ತಮಟೆ ಅವಮಾನದ ಗುರುತಾಗಿತ್ತೋ ಅದೇ ಹೋರಾಟದ ದನಿಯಾದದ್ದು ದಲಿತ ಚಳವಳಿ ಇಷ್ಟು ವರ್ಷ ತಲೆ ಕೆಡಿಸಿಕೊಂಡ ಪ್ರಶ್ನೆ. ಡಿ.ಆರ್. ನಾಗರಾಜ್ 1993ರ 'ದಿ ಫ್ಲೇಮಿಂಗ್ ಫೀಟ್' ಪುಸ್ತಕದಲ್ಲಿ, ಗತವನ್ನೆಲ್ಲ ಅವಮಾನವೆಂದು ಬಿಸಾಕಿದರೆ ನೆನಪೂ ಅದರ ಜೊತೆ ಹೋಗುತ್ತದಲ್ಲ ಎಂಬ ಸಂಕಟವನ್ನು ಚರ್ಚಿಸಿದರು. ಅಕ್ಷರ ಬಾರದ ಅಪ್ಪ ಆ ಸಂಕಟವನ್ನು ದಾಟಿಯಾಗಿತ್ತು. ಎರಡು ಪದವಿ ಮಾಡಿದ ನಾನು ಅದನ್ನು ಮೂರನೆಯ ಅಂಕಕ್ಕಾಗಿ ಬೆಂಕಿಗೆ ಹಾಕಿದ್ದೆ. ಅದನ್ನು ಹಾಕಿಸಿದ್ದು ಮೇಷ್ಟರಲ್ಲ, ಹಾಕಿದ್ದು ನಾನೇ. ಆ 'ಎ' ಗ್ರೇಡು ನನ್ನ ಅಂಕಪಟ್ಟಿಯಲ್ಲಿ ಈಗಲೂ ಇದೆ.

4

ಒಳಗಿನ ಚೌಕಟ್ಟು ಇದಾದರೆ, ಅದರ ಹೊರಗೆ ಇನ್ನೊಂದು ಚೌಕಟ್ಟಿದೆ: ಪ್ರವೇಶ, ಶುಲ್ಕ, ಭಾಷೆ, ಜೊತೆಗಾರರು.

ಸಂದರ್ಶನದಲ್ಲಿ ನಿಮ್ಮ ಮೇಲೆ ಪ್ರಭಾವ ಬೀರಿದ ಚಿತ್ರ ಯಾವುದು ಎಂದು ಕೇಳುತ್ತಾರೆ. ನಾನು ರಾಜ್‌ಕುಮಾರ್ ಚಿತ್ರವೊಂದರ ಹೆಸರು ಹೇಳಿದೆ. ಮಂಡಲಿಯಲ್ಲಿದ್ದವರು ಮುಗುಳ್ನಕ್ಕು "ಬೇರೆ?" ಅಂದರು. ಊರಿನ ಟಿ.ವಿ.ಯಲ್ಲಿ ನೋಡಿದ್ದೇ ನನ್ನ ಚಿತ್ರಪರಂಪರೆ. ಆ 'ಬೇರೆ'ಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಒಳಗೆ ಸೇರಿದ ಮೇಲೆ ಇನ್ನೊಂದು ಪದ ಕೇಳಿದೆ: 'ಟೇಸ್ಟ್'. ಸಿನಿಮಾ ಒಬ್ಬರೇ ಮಾಡುವ ಕೆಲಸವಲ್ಲ. ನಿರ್ದೇಶನದ ವಿದ್ಯಾರ್ಥಿಗೆ ಕ್ಯಾಮೆರಾದವನು ಬೇಕು, ಶಬ್ದದವನು ಬೇಕು, ಸಂಕಲನದವನು ಬೇಕು, ಚಿತ್ರಕಥೆ ಬರೆಯುವವನು ಬೇಕು. ಯಾರ ಜೊತೆ ಯಾರು ಸೇರುತ್ತಾರೆ ಎಂಬುದು ಕ್ಯಾಂಟೀನಿನಲ್ಲಿ, ಹಾಸ್ಟೆಲಿನ ರೂಮಿನಲ್ಲಿ ತೀರ್ಮಾನವಾಗುತ್ತದೆ. "ಅವನು ಒಳ್ಳೆಯವನೇ, ಆದರೆ ನಮ್ಮ ಟೇಸ್ಟ್ ಹೊಂದಲ್ಲ" ಅನ್ನುತ್ತಾರೆ. ಜಾತಿ ಎಂಬ ಪದ ಎಲ್ಲೂ ಬರುವುದಿಲ್ಲ, ಬರುವ ಅಗತ್ಯವೂ ಇಲ್ಲ. ಕೊನೆಗೆ ಕೋಟಾದಲ್ಲಿ ಬಂದವರೆಲ್ಲ ಒಂದೇ ಗುಂಪಿನಲ್ಲಿ ಉಳಿದಿರುತ್ತಾರೆ. ಊರು ಕೇರಿ ಎರಡೂ ಹಾಸ್ಟೆಲಿನಲ್ಲೇ ಸಿದ್ಧ.

ಇದು ನನ್ನೊಬ್ಬನ ಮಾತಾದರೆ ದೂರು ಎಂದು ತಳ್ಳಿಹಾಕಬಹುದು. ಸಾರ್ವಜನಿಕವಾಗಿ ದಾಖಲಾದದ್ದನ್ನು ನೋಡೋಣ. ಕೇರಳದ ಕೊಟ್ಟಾಯಂ ಜಿಲ್ಲೆಯಲ್ಲಿ ಸರ್ಕಾರ ಕಟ್ಟಿದ ಸಿನಿಮಾ ಶಾಲೆಗೆ ಕೆ.ಆರ್. ನಾರಾಯಣನ್ ಹೆಸರು, ಈ ದೇಶದ ಮೊದಲ ದಲಿತ ರಾಷ್ಟ್ರಪತಿಯ ಹೆಸರು. 2022ರ ಡಿಸೆಂಬರಿನಲ್ಲಿ ಅಲ್ಲಿನ ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ಪ್ರವೇಶದಲ್ಲಿ ಮೀಸಲಾತಿ ನಿಯಮ ಮುರಿದಿದ್ದಾರೆ, ಸಂಕಲನ ವಿಭಾಗದಲ್ಲಿ ಜಾಗ ಖಾಲಿ ಇದ್ದರೂ ದಲಿತ ವಿದ್ಯಾರ್ಥಿಗೆ ಕೊಟ್ಟಿಲ್ಲ, ಸ್ವಚ್ಛತೆಯ ಕೆಲಸದ ಹೆಂಗಸರನ್ನು ನಿರ್ದೇಶಕರ ಮನೆಗೆಲಸಕ್ಕೆ ಹಚ್ಚಿದ್ದಾರೆ ಎಂಬುದು ಅವರ ಆರೋಪ. ಸುಮಾರು ಐವತ್ತು ದಿನ ನಡೆದ ಮುಷ್ಕರದ ನಡುವೆ, 2023ರ ಜನವರಿಯಲ್ಲಿ, ಸಂಸ್ಥೆಯ ನಿರ್ದೇಶಕರು ರಾಜೀನಾಮೆ ಕೊಟ್ಟರು. ಆರೋಪಗಳನ್ನು ಒಪ್ಪದೆ ಅವರ ಪರ ನಿಂತ ಅಧ್ಯಕ್ಷ ಅಡೂರ್ ಗೋಪಾಲಕೃಷ್ಣನ್ ಅದೇ ತಿಂಗಳ ಕೊನೆಯಲ್ಲಿ ಹೊರನಡೆದರು. ಗಮನಿಸಿ: ಈ ಹೋರಾಟದಲ್ಲಿ ವಿದ್ಯಾರ್ಥಿಗಳ ಪ್ರಶ್ನೆಯೂ ಕಸ ಗುಡಿಸುವ ಹೆಂಗಸರ ಪ್ರಶ್ನೆಯೂ ಒಂದೇ ಬೇಡಿಕೆ ಪತ್ರದಲ್ಲಿದ್ದವು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಕೇರಳ ಸರ್ಕಾರ ಪರಿಶಿಷ್ಟ ಜಾತಿ, ಪಂಗಡದವರಿಗೂ ಹೆಂಗಸರಿಗೂ ಸಿನಿಮಾ ಮಾಡಲು ಒಂದೂವರೆ ಕೋಟಿ ರೂಪಾಯಿವರೆಗೆ ಕೊಡುವ ಯೋಜನೆ ನಡೆಸುತ್ತಿದೆ. 2025ರ ಆಗಸ್ಟಿನಲ್ಲಿ ತಿರುವನಂತಪುರದ ಸಿನಿಮಾ ನೀತಿ ಸಮಾವೇಶದಲ್ಲಿ ಅಡೂರರು, ಈ ಮೊತ್ತ ಹೆಚ್ಚಾಯಿತು, ಹೀಗೆ ಹಣ ಪಡೆಯುವವರಿಗೆ ಮೊದಲು ಕನಿಷ್ಠ ಮೂರು ತಿಂಗಳ ತರಬೇತಿ ಕೊಡಬೇಕು ಎಂಬ ಅರ್ಥದ ಮಾತಾಡಿದರು. ಸಭೆಯಲ್ಲೇ ಪ್ರತಿಭಟನೆ ಎದ್ದಿತು. ಅಡೂರರು ಸಾಮಾನ್ಯರಲ್ಲ, 1960ರ ದಶಕದಲ್ಲಿ ಪುಣೆಯಲ್ಲೇ ಚಿತ್ರಕಥೆ, ನಿರ್ದೇಶನ ಕಲಿತವರು, ಮಲಯಾಳ ಚಿತ್ರಕ್ಕೆ ಘನತೆ ತಂದವರು. ಅದಕ್ಕೇ ಅವರ ಮಾತನ್ನು ಬರೀ ಬಾಯಿತಪ್ಪು ಎಂದು ಬಿಡಲಾಗದು. ತರಬೇತಿ ಯಾರಿಗೂ ಕೆಟ್ಟದ್ದಲ್ಲ. ಆದರೆ ತರಬೇತಿಯಿಲ್ಲದೆ ಅಪ್ಪನ ದುಡ್ಡಿನಲ್ಲಿ ಸಿನಿಮಾ ತೆಗೆಯುವವರಿಗೆ ಈ ಷರತ್ತನ್ನು ಯಾರೂ ಹಾಕುವುದಿಲ್ಲವಲ್ಲ? ಬಾಗಿಲಲ್ಲಿ ತರಬೇತಿ ನಿರಾಕರಿಸಿದರು ಎಂದು ವಿದ್ಯಾರ್ಥಿಗಳು ಮುಷ್ಕರ ಕೂತ ನಾಡಿನಲ್ಲೇ, ಮೂರು ವರ್ಷ ತುಂಬುವ ಮೊದಲು, ತರಬೇತಿಯಿಲ್ಲ ಎಂಬುದೇ ಅವರ ಜನದ ಕೊರತೆಯಾಯಿತು. ಮಲಯಾಳದ ಮೊದಲ ಮೂಕಿಚಿತ್ರದಲ್ಲಿ ನಾಯರ್ ಹೆಣ್ಣಿನ ಪಾತ್ರ ಮಾಡಿದ ಅಪರಾಧಕ್ಕೆ ಪಿ.ಕೆ. ರೋಸಿ ಎಂಬ ದಲಿತ ಹೆಣ್ಣುಮಗಳು ಊರು ಬಿಟ್ಟು ಓಡಬೇಕಾಯಿತು ಎಂಬುದನ್ನು ಇದರ ಪಕ್ಕ ಇಟ್ಟು ನೋಡಬೇಕು.

ಶುಲ್ಕದ ಪ್ರಶ್ನೆಯೂ ಹೀಗೆಯೇ. 2019ರ ಡಿಸೆಂಬರಿನಲ್ಲಿ ಪುಣೆಯ ವಿದ್ಯಾರ್ಥಿಗಳು ಪ್ರತಿವರ್ಷದ ಶುಲ್ಕ ಏರಿಕೆಯ ವಿರುದ್ಧ, ಪ್ರವೇಶ ಪರೀಕ್ಷೆಯ ದುಬಾರಿ ಅರ್ಜಿಯ ವಿರುದ್ಧ ಉಪವಾಸ ಕೂತರು. ಅದಕ್ಕೂ ಮೊದಲು 2015ರಲ್ಲಿ, ಅಧ್ಯಕ್ಷರ ನೇಮಕವನ್ನು ವಿರೋಧಿಸಿ ಅಲ್ಲಿ 139 ದಿನ ಮುಷ್ಕರ ನಡೆದಿತ್ತು. ಹೊರಗೆ ಅದು ಅಭಿವ್ಯಕ್ತಿ ಸ್ವಾತಂತ್ರ್ಯದ ಹೋರಾಟವಾಗಿ ಮಾತ್ರ ಸುದ್ದಿಯಾಯಿತು. ಆ ಮುಷ್ಕರದಲ್ಲಿದ್ದ ಪಾಯಲ್ ಕಪಾಡಿಯಾ 2021ರಲ್ಲಿ 'ಎ ನೈಟ್ ಆಫ್ ನೋಯಿಂಗ್ ನಥಿಂಗ್' ಮಾಡಿದಾಗ, ಅದರ ನಡುವೆ ಜಾತಿಯ ಕಾರಣಕ್ಕೆ ಮುರಿದ ಪ್ರೀತಿಯೊಂದರ ಪತ್ರಗಳನ್ನಿಟ್ಟರು. ಪೊಲೀಸರ ಲಾಠಿಗೆ ಎದೆಯೊಡ್ಡುವ ಹುಡುಗ ಮನೆಯವರ ಜಾತಿಗೆ ಎದುರಾಡಲಾರ ಎಂಬ ಸತ್ಯವನ್ನು ಒಳಗಿನವರೇ ಹೇಳಿದ್ದು ಮುಖ್ಯ.

5

ಗೋಪಾಲ್ ಗುರು 2002ರ ತಮ್ಮ ಲೇಖನವೊಂದರಲ್ಲಿ ಸಮಾಜವಿಜ್ಞಾನಗಳ ಬಗ್ಗೆ ಎತ್ತಿದ ಪ್ರಶ್ನೆ ಸಿನಿಮಾ ಶಾಲೆಗೂ ಹೊಂದುತ್ತದೆ. ಸಿದ್ಧಾಂತ ಮಾಡುವವರು ಬ್ರಾಹ್ಮಣರು, ಅನುಭವದ ಕಚ್ಚಾವಸ್ತು ಒದಗಿಸುವವರು ಶೂದ್ರರು ಎಂಬ ವಿಂಗಡಣೆ ನಮ್ಮ ವಿದ್ಯಾವಲಯದಲ್ಲಿದೆ ಎಂದರು ಅವರು. 'ಅದ್ಭುತ ಮೆಟೀರಿಯಲ್' ಎಂಬ ಹೊಗಳಿಕೆಯ ಅರ್ಥ ಇದೇ. ಮೆಟೀರಿಯಲ್ ನಮ್ಮದು, ರೂಪ ಅವರದು. ಚರ್ಮ ಹದ ಮಾಡುವವರು ನಾವು, ಚಪ್ಪಲಿಯ ಅಳತೆ ಅವರ ಕಾಲಿನದು.

ಆ ಮೆಟೀರಿಯಲ್ಲೂ ನೋವೇ ಆಗಿರಬೇಕು. ಸಿದ್ದಲಿಂಗಯ್ಯನವರ 'ಊರುಕೇರಿ' ಓದಿದ ಯಾರಿಗಾದರೂ ಗೊತ್ತು, ಹಸಿವಿನ ನಡುವೆ ಎಷ್ಟು ನಗು ಇದೆ ಎಂದು. ಅಂಥ ನಗೆಯ ದೃಶ್ಯವೊಂದನ್ನು ತರಗತಿಗೆ ಒಯ್ದಾಗ "ಟೋನ್ ಗೊಂದಲವಾಗಿದೆ" ಅಂದರು. ದಲಿತ ನಗಬಾರದು, ನಕ್ಕರೆ ಪ್ರೇಕ್ಷಕನ ಕರುಣೆಗೆ ಕೆಲಸವಿಲ್ಲ. ದೇವನೂರ ಮಹಾದೇವರ 'ಕುಸುಮಬಾಲೆ'ಯನ್ನು ಚಿತ್ರಕಥೆಯ ಮೇಷ್ಟರ ಮುಂದೆ ಇಟ್ಟರೆ ಏನಾಗಬಹುದು? ನಾಯಕ ಯಾರು? ಬಯಕೆ ಏನು? ರಾತ್ರಿ ದೀಪದ ಜೋತಮ್ಮಗಳು ಕೂತು ಮನೆಮನೆಯ ಕಥೆ ಹೇಳುತ್ತವೆ, ಮಂಚ ಮಾತಾಡುತ್ತದೆ. ಒನ್‌ಲೈನಿಗೆ ಅದು ಸಿಕ್ಕುವುದಿಲ್ಲ. ಆದರೆ ಕನ್ನಡದ ಓದುಗರು ಅದನ್ನು ಕಥೆ ಎಂದೇ ಓದಿದರು.

ಹಾಗಾದರೆ ಮೂರು ಅಂಕವನ್ನು ಬಿಸಾಕಬೇಕೇ? ಇಲ್ಲಿ ನಾನು ನಮ್ಮ ಕೆಲವು ಗೆಳೆಯರಿಂದ ಬೇರೆಯಾಗುತ್ತೇನೆ. ನಮ್ಮ ಕಥೆಗೆ ರೂಪವೇ ಬೇಡ, ಅನುಭವ ಇದ್ದರೆ ಸಾಕು ಅನ್ನುವುದು, ರೂಪ ಅವರದು ಎಂದು ಒಪ್ಪಿ ಬರೆದುಕೊಟ್ಟಂತೆ. ನಾಗರಾಜ ಮಂಜುಳೆಯವರನ್ನು ನೋಡಿ. ನಮ್ಮಲ್ಲಿ ವಡ್ಡರು, ಭೋವಿಗಳು ಎಂದು ಕರೆಯುವ ಕಲ್ಲು ಒಡೆಯುವ ಸಮುದಾಯದಿಂದ, ಸೊಲ್ಲಾಪುರ ಜಿಲ್ಲೆಯಿಂದ ಬಂದವರು. ಅಹ್ಮದ್‌ನಗರದ ಕಾಲೇಜಿನಲ್ಲಿ ಸಂವಹನ ಓದುವಾಗ ಕೋರ್ಸಿನ ಭಾಗವಾಗಿ 'ಪಿಸ್ತುಲ್ಯಾ' ಎಂಬ ಕಿರುಚಿತ್ರ ಮಾಡಿದರು. ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. 2013ರ 'ಫಂಡ್ರಿ'ಯಲ್ಲಿ ಜಬ್ಯಾನಿಗೆ ಬಯಕೆ ಇದೆ, ಅಡ್ಡಿ ಇದೆ, ಕೊನೆಯ ತಿರುವೂ ಇದೆ. ಸಿಡ್ ಫೀಲ್ಡ್ ಬಂದು ಅಳತೆ ಹಿಡಿದರೂ ಸರಿಹೋಗುತ್ತದೆ. ಆದರೆ ಆ ಅಳತೆಯೊಳಗೆ ನಡೆಯುವುದನ್ನು ನೋಡಿ. ಇಡೀ ಊರು ನೋಡುತ್ತಿರುವಾಗ ಜಬ್ಯಾನ ಮನೆಯವರು ಹಂದಿ ಹಿಡಿಯುತ್ತಿದ್ದಾರೆ. ಇನ್ನೇನು ಸಿಕ್ಕಿತು ಅನ್ನುವಾಗ ಶಾಲೆಯಲ್ಲಿ ರಾಷ್ಟ್ರಗೀತೆ ಶುರುವಾಗುತ್ತದೆ. ಎಲ್ಲರೂ ಇದ್ದಲ್ಲೇ ನೆಟ್ಟಗೆ ನಿಲ್ಲುತ್ತಾರೆ. ಹಂದಿ ತನ್ನ ಪಾಡಿಗೆ ನಡೆದು ಹೋಗುತ್ತದೆ. ಯಾರೂ ಯಾರಿಗೂ ಹೊಡೆಯುವುದಿಲ್ಲ. ದೇಶ, ಶಾಲೆ, ಜಾತಿ ಮೂರೂ ಒಂದು ಚೌಕಟ್ಟಿನಲ್ಲಿ ನಿಂತಿರುತ್ತವೆ. ಕೊನೆಯಲ್ಲಿ ಜಬ್ಯಾ ಎಸೆದ ಕಲ್ಲು ಕ್ಯಾಮೆರಾದ ಕಡೆಗೇ, ಅಂದರೆ ನಮ್ಮ ಕಡೆಗೇ ಬರುತ್ತದೆ. ಮಾರಿ ಸೆಲ್ವರಾಜರ 2018ರ 'ಪರಿಯೇರುಂ ಪೆರುಮಾಳ್' ಮುಗಿಯುವುದು ಎರಡು ಟೀ ಲೋಟ, ನಡುವೆ ಒಂದು ಹೂವಿನ ಮೇಲೆ. ಲೋಟದ ಇತಿಹಾಸ ಗೊತ್ತಿದ್ದವರಿಗೆ ಅದು ಎಲ್ಲ ಹೊಡೆದಾಟಕ್ಕಿಂತ ದೊಡ್ಡ ಕ್ಲೈಮ್ಯಾಕ್ಸ್. ನನ್ನ ಪೆಟ್ಟಿಗೆಯ ಮೇಲಿನ ನಾಣ್ಯ ತಪ್ಪಾಗಿರಲಿಲ್ಲ. ಅದನ್ನು ಕೇಳಿಸುವಷ್ಟು ಕಸುಬು ನನ್ನಲ್ಲಿ ಆಗ ಇರಲಿಲ್ಲ. ಇದನ್ನೂ ಒಪ್ಪಿಕೊಳ್ಳಬೇಕು.

ಶಾಲೆಯೊಳಗೂ ಬೇರೆ ಆಕಾರಗಳಿಗೆ ಜಾಗ ಮಾಡಬಹುದು. 2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಪಡೆದ ಚಿದಾನಂದ ಎಸ್. ನಾಯ್ಕ್ ಅವರ ಕನ್ನಡ ಕಿರುಚಿತ್ರ ಪುಣೆಯ ಒಂದು ವರ್ಷದ ಟಿ.ವಿ. ಕೋರ್ಸಿನಲ್ಲಿ ತಯಾರಾದದ್ದು. ಅಜ್ಜಿಯೊಬ್ಬಳು ಕೋಳಿ ಎತ್ತಿಕೊಂಡು ಹೋಗಿ ಊರಿಗೆ ಬೆಳಗಾಗದೆ ಉಳಿಯುವ, ನಾವೆಲ್ಲ ಕೇಳಿ ಬೆಳೆದ ಕಥೆ ಅದರ ಮೂಲ. ಬಾಯಿಮಾತಿನ ಪರಂಪರೆ ಫಿಲಂ ಶಾಲೆಯ ಅಭ್ಯಾಸದ ಹಾಳೆಯ ಮೇಲೂ ನಿಲ್ಲಬಲ್ಲದು.

6

ಎರಡು ದಿನ ಬಿಟ್ಟು ಹುಡುಗಿ ಮತ್ತೆ ಬಂದಳು. ಹೋಗು ಅಂದೆ. ಆದರೆ ಹೋಗು ಎಂದಷ್ಟೇ ಹೇಳಿ ಕಳಿಸುವುದು ಮೇಷ್ಟರ ಸುಲಭದ ಕೆಲಸ. ಆದ್ದರಿಂದ ಇನ್ನಷ್ಟು ಹೇಳಿದೆ. ವಿದ್ಯಾರ್ಥಿವೇತನದ ಅರ್ಜಿಯನ್ನು ಸೇರಿದ ವಾರದಲ್ಲೇ ಹಾಕು; ಪ್ರತಿ ಪತ್ರದ ನಕಲು ಇಟ್ಟುಕೋ. ಕೊನೆಯ ಬೆಂಚಿನಲ್ಲಿ ತಲೆಯೆತ್ತಿ ನೋಡುವವರು ಇರುತ್ತಾರೆ, ಮೊದಲ ತಿಂಗಳಲ್ಲೇ ಅವರನ್ನು ಹುಡುಕು. ಒಬ್ಬರು ಕ್ಯಾಮೆರಾದವರಿದ್ದರೆ, ಒಬ್ಬರು ಶಬ್ದದವರಿದ್ದರೆ ಅದೇ ನಿನ್ನ ತಂಡ. ಸ್ವಚ್ಛತೆಯ ಕೆಲಸಕ್ಕೆ ಬರುವ ಅಕ್ಕಂದಿರ ಹೆಸರು ತಿಳಿದುಕೋ. ಮೂರು ಅಂಕವನ್ನು ಪೂರ್ತಿ ಕಲಿ, ಅರ್ಧ ಕಲಿತು ಬಯ್ಯಬೇಡ. ಇನ್ನು, ಬರೆದದ್ದನ್ನು ತರಗತಿಗೆ ಓದುವ ಮೊದಲು ಯಾರ ಬದುಕನ್ನು ಬರೆದೆಯೋ ಅವರಿಗೆ ಓದಿ ಹೇಳು. ನಾನು ಅದನ್ನು ತಿರುವುಮುರುವಾಗಿ ಮಾಡಿದೆ.

ಇಷ್ಟು ಹೇಳಿಯೂ ನನಗೆ ಸಮಾಧಾನವಿಲ್ಲ. ಎಲ್ಲ ಭಾರವನ್ನೂ ಇಪ್ಪತ್ತೊಂದು ವರ್ಷದ ಹುಡುಗಿಯ ತಲೆಯ ಮೇಲೆ ಹೊರಿಸಿ ಕಳಿಸುವುದು ನ್ಯಾಯವಲ್ಲ. ಸಂಘಟನೆಯ ಗೆಳೆಯರು ಇಂಜಿನಿಯರಿಂಗ್, ಮೆಡಿಕಲ್ ಸೀಟಿನ ಮೀಸಲಾತಿಗೆ ಕೊಡುವ ಗಮನವನ್ನು ಸಿನಿಮಾ ಶಾಲೆಗಳ ಪ್ರವೇಶ ಪಟ್ಟಿಗೂ ಕೊಡಬೇಕು. ಎಷ್ಟು ಜಾಗ, ಎಷ್ಟು ಭರ್ತಿ, ಎಷ್ಟು ಮಂದಿ ನಡುವೆ ಬಿಟ್ಟರು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಬೇಕು. ಕನ್ನಡ ಮೇಷ್ಟರುಗಳಾದ ನಾವು 'ಕುಸುಮಬಾಲೆ'ಯನ್ನು, ನೀಲಗಾರರ ಮಂಟೇಸ್ವಾಮಿ ಕಾವ್ಯವನ್ನು ಕಥನಕ್ರಮದ ಪಠ್ಯಗಳಾಗಿ ಓದಿಸಬೇಕು. ಚಿತ್ರಕಥೆ ಬರೆಯುವ ಮಕ್ಕಳ ಕೈಗೆ ಸಿಡ್ ಫೀಲ್ಡ್ ಜೊತೆ ಇವೂ ಇರಬೇಕು.

ಹುಡುಗಿ ಈಗ ಅಲ್ಲಿದ್ದಾಳೆ. ಹೋದ ತಿಂಗಳು ಫೋನು ಮಾಡಿದ್ದಳು. ಮೊದಲ ಅಭ್ಯಾಸಕ್ಕೆ ಅಮ್ಮನ ಗಾರ್ಮೆಂಟ್ಸಿನ ಬಗ್ಗೆ ಬರೆದಿದ್ದಾಳಂತೆ: ಮೂವತ್ತು ಹೆಂಗಸರು, ಒಂದು ಶೌಚಾಲಯ, ಒಂದು ಮಧ್ಯಾಹ್ನ. ನಾಯಕಿ ಯಾರು ಎಂದು ಕೇಳಿದರಂತೆ. ನೀನೇನು ಹೇಳಿದೆ ಅಂದೆ.

"ಕ್ಯೂ ಸಾರ್. ನಾಯಕಿ ಆ ಕ್ಯೂನೇ ಅಂದೆ" ಅಂದಳು. "ಗ್ರೇಡು ಇನ್ನೂ ಬಂದಿಲ್ಲ. ಅಮ್ಮಂಗೆ ಮಾತ್ರ ಓದಿ ಹೇಳಿದೀನಿ."